ಆ ದೆವ್ವಕ್ಕೆ ಏನು ಬೇಕಿತ್ತಂತೆ?

ಹೋದ ವರ್ಷ ಒಂದು ಬೆಳಿಗ್ಗೆ ಎಂಟೂವರೆಗೆ ಕೆನಡಾದ ವ್ಯಾಂಕೂವರಿನಲ್ಲಿ ನಮ್ಮ ಆಫೀಸಿನ ಅಡುಗೆಮನೆಯಲ್ಲಿ ಕಾಫಿ ಮಾಡಿಕೊಳ್ಳುತ್ತಾ ಅವ್ವನಿಗೆ ವಿಡಿಯೊ ಕಾಲ್ ಮಾಡಿದ್ದೆ. ಇಲ್ಲಿ ಬೇಸಿಗೆ, ಅಂದರೆ ಮಂಡ್ಯದಲ್ಲಿ ರಾತ್ರಿ ಒಂಬತ್ತು. ಸೀರಿಯಲ್ ಮುಗಿದಿರುತ್ತದೆ, ಅವ್ವ ಬಿಡುವಾಗಿರುತ್ತಾಳೆ. ಮೂರು ದಿನದಿಂದ ತಲೆನೋವು ಅಂತ ಬಾಯಿತಪ್ಪಿ ಅಂದುಬಿಟ್ಟೆ. "ಕಾರ್ ಮುಂದೆ ನಿಂತ್ಕಂಡು ಫೋಟೋ ಹಾಕ್ಬ್ಯಾಡ ಅಂದ್ರೆ ಕೇಳ್ದಾ ನೀನು?" ಅಂತ ಶುರುಮಾಡಿದವಳು ಫೋನನ್ನು ಗೋಡೆಗೆ ಒರಗಿಸಿ ಒಳಗೆ ಹೋದಳು. ಮುಷ್ಟಿ ಕಲ್ಲುಪ್ಪು, ನಾಲ್ಕು ಒಣಮೆಣಸಿನಕಾಯಿ, ಪೊರಕೆ ಕಡ್ಡಿ ತಂದು ಫೋನಿಗೇ ಮೂರು ಸಲ ನೀವಾಳಿಸಿದಳು. ಊರ ಕಣ್ಣು, ನಾಯಿ ಕಣ್ಣು, ನರಿ ಕಣ್ಣು ಎಲ್ಲಾ ಆಯಿತು. ಆಮೇಲೆ ಒಲೆಗೆ ಹಾಕಿದ ಚಟಪಟ ಸದ್ದು ಹನ್ನೆರಡೂವರೆ ಗಂಟೆ ದೂರದ ನನ್ನ ಆಫೀಸಿನಲ್ಲಿ ಕೇಳಿಸಿತು.

ನಾಚಿಕೆಯಾಗಿ ತಿರುಗಿ ನೋಡಿದರೆ ಹಿಂದೆ ನನ್ನ ಪಕ್ಕದ ಮೇಜಿನ ಹುಡುಗಿ ಕಪ್ ಹಿಡಿದು ನಿಂತಿದ್ದಾಳೆ. ನಗುತ್ತಾಳೇನೋ ಅಂದುಕೊಂಡೆ. ಅವಳ ಕಣ್ಣು ಅರಳಿತ್ತು. "ಅದು ಉಪ್ಪಾ? ನಿಮ್ಮಮ್ಮ ಉಪ್ಪು ಬಳಸುತ್ತಾರಾ? ಡೀನ್ ಥರಾನೇ!" ಅಂದಳು.

ಯಾವ ಡೀನು ಅಂತ ಕೇಳಿದ್ದೇ ನನ್ನ ತಪ್ಪು.

ಡೀನು ಒಂದು ಅಮೆರಿಕನ್ ಟೀವಿ ಸೀರಿಯಲ್ಲಿನ ನಾಯಕ. ಆ ಸೀರಿಯಲ್ಲಿನ ಹೆಸರು ಸೂಪರ್‌ನ್ಯಾಚುರಲ್. 2005ರ ಸೆಪ್ಟೆಂಬರಿನಲ್ಲಿ ಶುರುವಾಗಿ 2020ರ ನವೆಂಬರಿನಲ್ಲಿ ಮುಗಿಯಿತು. ಹದಿನೈದು ಸೀಸನ್, 327 ಕಂತು. ಸ್ಯಾಮ್, ಡೀನ್ ಅಂತ ಇಬ್ಬರು ಅಣ್ಣತಮ್ಮಂದಿರು 1967ರ ಕಪ್ಪು ಶೆವರ್ಲೆ ಇಂಪಾಲಾ ಕಾರಿನಲ್ಲಿ ಅಮೆರಿಕದ ಊರೂರು ಸುತ್ತಿ ದೆವ್ವ ಹೊಡೆಯುತ್ತಾರೆ. ಬಾಗಿಲಿಗೂ ಕಿಟಕಿಗೂ ಉಪ್ಪಿನ ಗೆರೆ. ಬಂದೂಕಿನ ತೋಟೆಗೆ ಗುಂಡಿನ ಬದಲು ಕಲ್ಲುಪ್ಪು. ಅದಕ್ಕೂ ಬಗ್ಗದ ದೆವ್ವವಾದರೆ ಅದರ ಗೋರಿ ಅಗೆದು, ಮೂಳೆಯ ಮೇಲೆ ಉಪ್ಪು ಸುರಿದು, ಬೆಂಕಿ ಕಡ್ಡಿ ಗೀರೋದು. ಕತೆ ನಡೆಯುವುದು ಅಮೆರಿಕದಲ್ಲಿ, ಆದರೆ ಮೊದಲ ಕಂತು ಬಿಟ್ಟರೆ ತೆಗೆದದ್ದೆಲ್ಲ ನಾನಿರುವ ಈ ವ್ಯಾಂಕೂವರ್ ಸುತ್ತಮುತ್ತ. ಕೊಕ್ವಿಟ್ಲಮ್ಮಿನ ಹಳೇ ಮಾನಸಿಕ ಆಸ್ಪತ್ರೆ ರಿವರ್‌ವ್ಯೂ ಇದೆಯಲ್ಲ, ಅದರ ಹತ್ತಿರ ನಾನು ಎಷ್ಟೋ ಭಾನುವಾರ ವಾಕಿಂಗ್ ಹೋಗಿದ್ದೇನೆ. ಇವರು ಅಲ್ಲೇ ದೆವ್ವ ಓಡಿಸಿದ್ದರು ಅಂತ ಗೊತ್ತಿರಲಿಲ್ಲ.

ಇಲ್ಲಿನ ಅಭಿಮಾನಿಗಳ ಬಗ್ಗೆ ಸ್ವಲ್ಪ ಹೇಳಲೇಬೇಕು. ನಮ್ಮ ಕಡೆ ಅಭಿಮಾನಿ ಅಂದರೆ ಕಟೌಟು, ಹಾಲು, ಪಟಾಕಿ. ಇಲ್ಲಿಯವರದು ವಕೀಲರ ಬುದ್ಧಿ. ನನ್ನ ಸಹೋದ್ಯೋಗಿಗೆ ಮಣಿಕಟ್ಟಿನ ಮೇಲೆ ಆ ಸೀರಿಯಲ್ಲಿನ ಹಚ್ಚೆ ಇದೆ, ವೃತ್ತದೊಳಗೆ ನಕ್ಷತ್ರ, ಸುತ್ತ ಬೆಂಕಿಯ ನಾಲಿಗೆ, ಭೂತ ಮೈಮೇಲೆ ಬರದಿರಲಿ ಅಂತ. ಇನ್ನೊಂದು ವಿಭಾಗದಲ್ಲಿ ಕಾಸ್ಟಿಯೆಲ್ ಕಡೆಯವನೊಬ್ಬ ಇದ್ದಾನೆ. ಕಾಸ್ಟಿಯೆಲ್ ಅಂದರೆ ನಾಲ್ಕನೇ ಸೀಸನ್ನಿನಲ್ಲಿ ಡೀನನ್ನು ನರಕದಿಂದ ಎತ್ತಿಕೊಂಡು ಬರುವ ದೇವದೂತ, ಉದ್ದ ಕೋಟಿನವನು. ಇವರಿಬ್ಬರೂ ಮಧ್ಯಾಹ್ನದ ಊಟಕ್ಕೆ ಕೂತರೆ ಐದನೇ ಸೀಸನ್ನಿಗೇ ನಿಲ್ಲಿಸಬೇಕಿತ್ತಾ ಅನ್ನುವುದರಿಂದ ಶುರು. ಕತೆ ಹುಟ್ಟಿಸಿದ ಎರಿಕ್ ಕ್ರಿಪ್ಕೆ ಯೋಚಿಸಿದ್ದೇ ಐದು ವರ್ಷದ ಕತೆಯಂತೆ. ತಮ್ಮ ಸ್ಯಾಮ್ ಸೈತಾನನನ್ನು ಮೈಯೊಳಗೆ ಹೊತ್ತುಕೊಂಡೇ ಪಾತಾಳಕ್ಕೆ ಹಾರುತ್ತಾನೆ, ಅಲ್ಲಿಗೆ ಎಲ್ಲಾ ಸರಿಹೋಗಿತ್ತು. ಆಮೇಲಿನ ಹತ್ತು ವರ್ಷ ಮದುವೆ ಮನೆಯಲ್ಲಿ ಬೀಗರು ಹೊರಡದೆ ಕೂತ ಹಾಗೆ ಅಂತ ನನಗನಿಸುತ್ತದೆ, ಹಾಗಂದರೆ ಇಬ್ಬರೂ ಸೇರಿ ನನ್ನ ಮೇಲೆ ಬೀಳುತ್ತಾರೆ. ಕೊನೆಯ ಕಂತಿನ ವಿಷಯ ಎತ್ತಿದರಂತೂ ಮುಗಿಯಿತು. ಹದಿನೈದು ವರ್ಷ ಸಾವಿಗೇ ಚಳ್ಳೆಹಣ್ಣು ತಿನ್ನಿಸಿದ ಡೀನು ಕೊಟ್ಟಿಗೆಯ ಕಂಬದಲ್ಲಿ ಚಾಚಿಕೊಂಡಿದ್ದ ಕಬ್ಬಿಣದ ಸರಳು ಚುಚ್ಚಿ ಸಾಯುತ್ತಾನೆ. ಅದು ಪ್ರಸಾರವಾಗಿ ವರ್ಷಗಳೇ ಕಳೆದಿವೆ, ಇವರು ಇನ್ನೂ ತಿಥಿ ಮುಗಿಸಿಲ್ಲ.

ಇಷ್ಟೆಲ್ಲ ವಾದದಲ್ಲಿ ಒಂದೇ ಒಂದು ಸಲವೂ ಇವರು ದೆವ್ವದ ಬಗ್ಗೆ ಮಾತಾಡಿದ್ದು ನಾನು ಕೇಳಲಿಲ್ಲ. ಅದು ನನಗೆ ಹೊಳೆದದ್ದೂ ಇಲ್ಲಿಲ್ಲ, ಊರಿಗೆ ಹೋದಮೇಲೆ.

ಡಿಸೆಂಬರಿನಲ್ಲಿ ಒಂದು ತಿಂಗಳು ರಜೆ ಹಾಕಿ ಹೋಗಿದ್ದೆ. ನಮ್ಮದು ಮಂಡ್ಯದಿಂದ ಪಾಂಡವಪುರದ ಕಡೆಗೆ, ನಾಲೆ ಪಕ್ಕದ ಊರು. ಸಹೋದ್ಯೋಗಿ ಇಪ್ಪತ್ತು ಕಂತುಗಳ ಪಟ್ಟಿ ಮಾಡಿಕೊಟ್ಟಿದ್ದಳು, ನಿಮ್ಮಮ್ಮನಿಗೆ ತೋರಿಸಲೇಬೇಕು ಅಂತ ಹಟ. ಸರಿ ಅಂತ ಒಂದು ಸಂಜೆ ಟೀವಿಗೆ ಹಾಕಿದೆ. ಅವ್ವ ಅವರೆಕಾಯಿ ಸುಲಿಯುತ್ತಿದ್ದಳು. ಚಿಕ್ಕವ್ವ ಗೋಡೆಗೆ ಒರಗಿದ್ದಳು. ಎದುರು ಮನೆ ಅಕ್ಕ ಬಂದಳು. ನಾನು ಮಾತು ಮಾತಿಗೂ ನಿಲ್ಲಿಸಿ ಕನ್ನಡದಲ್ಲಿ ಹೇಳೋದು.

ಮೊದಲ ಕಂತಿನಲ್ಲಿ ಬಿಳಿ ಬಟ್ಟೆಯ ಹೆಂಗಸೊಬ್ಬಳು ರಾತ್ರಿ ಹೈವೇಯಲ್ಲಿ ನಿಂತು ಕಾರಿಗೆ ಕೈ ಅಡ್ಡ ಹಾಕುತ್ತಾಳೆ. ಇದನ್ನು ಮಂಡ್ಯದವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. "ಮೋಹಿನಿ" ಅಂದಳು ಎದುರು ಮನೆ ಅಕ್ಕ, ಪರಿಚಯದವರನ್ನು ಬಸ್‌ಸ್ಟ್ಯಾಂಡಿನಲ್ಲಿ ಕಂಡ ಹಾಗೆ. ಗಂಡ ಇನ್ನೊಬ್ಬಳ ಸಹವಾಸ ಮಾಡಿರುತ್ತಾನೆ. ಇವಳು ಬುದ್ಧಿ ಕಲಕಿ ಮಕ್ಕಳನ್ನು ನೀರಿನಲ್ಲಿ ಮುಳುಗಿಸಿ, ತಾನು ಸೇತುವೆಯಿಂದ ಹಾರಿರುತ್ತಾಳೆ. ಅಲ್ಲಿಂದ ಆ ದಾರಿಯಲ್ಲಿ ಬರುವ, ಹೆಂಡತಿಗೆ ಮೋಸ ಮಾಡುವ ಗಂಡಸರನ್ನು ಕೊಲ್ಲುತ್ತಾಳೆ. ಅಣ್ಣತಮ್ಮಂದಿರು ವಿಚಾರಿಸುತ್ತಾ ಗಂಡನ ಹತ್ತಿರ ಹೋಗುತ್ತಾರೆ, ಅವನು ಮುದುಕನಾಗಿ ಗುಜರಿ ಅಂಗಡಿ ಹತ್ತಿರ ಗಟ್ಟಿಮುಟ್ಟಾಗಿ ಇದ್ದಾನೆ.

ಅವ್ವನ ಕೈಯಲ್ಲಿದ್ದ ಅವರೆಕಾಯಿ ಅಲ್ಲೇ ನಿಂತಿತು.

"ಅಲ್ಲ, ಗಂಡ ಬದುಕವ್ನಾ?"

"ಹೂಂ."

"ಅವುನ್ನ ಬುಟ್ಟು ಊರ ಗಂಡಸ್ರನ್ನೆಲ್ಲ ಹಿಡಿದವಳಾ? ಯಾಕಂತೆ? ಅವ್ಳಿಗೇನ್ ಬೇಕಿತ್ತಂತೆ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಆಫೀಸಿನ ಹುಡುಗಿಗೆ ಮೆಸೇಜು ಹಾಕಿ ಕೇಳಿದೆ. ಅವಳು ಅದೇ ಕಂತಿನಲ್ಲಿ ಡೀನು ಹೇಳುವ ಜೋಕು, ಕಾರಿನ ಡಿಕ್ಕಿಯಲ್ಲಿರುವ ಸಾಮಾನಿನ ಪಟ್ಟಿ, ಸ್ಯಾಮ್ ಯಾವ ಕಾಲೇಜಿನಲ್ಲಿ ಲಾ ಓದಲು ಹೊರಟಿದ್ದ, ಎಲ್ಲಾ ಹೇಳಿದಳು. ಆ ಹೆಂಗಸಿನ ಬಗ್ಗೆ "ಮೊದಲ ವಾರದ ದೆವ್ವ, ಅಷ್ಟೇ" ಅಂದಳು.

ನನಗೆ ಅಲ್ಲೇ ಚುರುಕ್ ಅಂದದ್ದು. ಹದಿನೈದು ವರ್ಷ ನೋಡಿದವಳಿಗೆ ಬರದ ಪ್ರಶ್ನೆ ಅವ್ವನಿಗೆ ಇಪ್ಪತ್ತು ನಿಮಿಷಕ್ಕೆ ಬಂತು. ಮಂಡ್ಯದಲ್ಲಿ ದೆವ್ವ ಅಂದರೆ ಮೊದಲು ಕೇಳುವುದೇ ಅದು. ಯಾರ ಮನೆಯದು, ಹೆಂಗೆ ಸತ್ತಳು, ಏನು ಆಸೆ ಉಳಿದಿತ್ತು? ಮೈಮೇಲೆ ಬಂದರೂ ಮುಂದೆ ಕೂತವರು ಸಂಬಂಧಿಕರ ಹತ್ತಿರ ವ್ಯವಹಾರ ಮಾತಾಡುವ ಹಾಗೆ ಮಾತಾಡುತ್ತಾರೆ. ಕೋಳಿ ಸಾರು ಬೇಕಾ? ಹಸಿರು ಸೀರೆ ಬೇಕಾ? ಕೊಡ್ತೀವಿ, ಹೊರಡು. ಅದು ಇನ್ನೂ ಜಾಸ್ತಿ ಕೇಳುತ್ತದೆ, ಇವರು ಇಳಿಸುತ್ತಾರೆ. ಸಂತೆ ಚೌಕಾಸಿಗೂ ಇದಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಪಿತೃಪಕ್ಷಕ್ಕೆ ನಮ್ಮ ತಾತನ ಎಡೆಗೆ ಬೀಡಿ ಕಟ್ಟು ಇಡದಿದ್ದರೆ ದೊಡ್ಡಪ್ಪ ಊಟಕ್ಕೇ ಕೂರುವುದಿಲ್ಲ. ತಾತ ಬೀಡಿಯಿಂದಲೇ ಸತ್ತದ್ದು, ಅದು ಎಲ್ಲರಿಗೂ ಗೊತ್ತು.

ನಾಳೆ ಬಾ ನೆನಪಿದೆಯಲ್ಲ? ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ನಮ್ಮ ಬೀದಿಯ ಬಾಗಿಲ ಮೇಲೆಲ್ಲ ಸೀಮೆಸುಣ್ಣದಲ್ಲಿ ಬರೆದಿದ್ದರು. ನಮ್ಮನೆ ಬಾಗಿಲಿಗೆ ಬರೆದವನು ನಾನೇ, ಮನೆಯಲ್ಲಿ ಅಕ್ಷರ ದುಂಡಗೆ ಬರೆಯುತ್ತಿದ್ದವನು ನಾನೊಬ್ಬನೇ. ಆ ದೆವ್ವಕ್ಕೆ ಓದು ಬರುತ್ತದೆ, ಅದೂ ಕನ್ನಡ ಓದಲು ಬರುತ್ತದೆ, ಓದಿದ ಮೇಲೆ ಮಾತು ನಂಬಿ ವಾಪಸ್ ಹೋಗುತ್ತದೆ! ತಾಲೂಕು ಕಚೇರಿಗೆ ಅಲೆದವರೇ ಕಂಡುಹಿಡಿದಿರಬೇಕು ಈ ಉಪಾಯ. ಆದರೂ ನೋಡಿ, ಅದನ್ನು ಯಾರೂ ಹೊಡೆಯಲಿಲ್ಲ, ಸುಡಲಿಲ್ಲ. ಬರಬೇಡ ಅಂತಲೂ ಬರೆಯಲಿಲ್ಲ.

ಮೂರನೇ ದಿನವೋ ನಾಲ್ಕನೇ ದಿನವೋ ಡೀನು ಸ್ಮಶಾನದಲ್ಲಿ ಗುದ್ದಲಿ ಹಿಡಿದದ್ದು ನೋಡಿ ಅವ್ವ ಟೀವಿ ಆರಿಸು ಅಂದಳು. ತಮಾಷೆಗಲ್ಲ, ನಿಜವಾಗಿ ಸಿಟ್ಟಾಗಿದ್ದಳು. ನಮ್ಮಲ್ಲಿ ಹೂಳುವುದು ಸ್ವಂತ ಜಮೀನಿನಲ್ಲೇ. ತಾತ, ಅಜ್ಜಿ, ನಮ್ಮಪ್ಪ ಮೂವರೂ ಕಬ್ಬಿನ ಗದ್ದೆಯ ಬದುವಿನ ಹತ್ತಿರ ಇದ್ದಾರೆ. ಅವ್ವ ಗದ್ದೆ ಕಡೆ ಹೋದಾಗಲೆಲ್ಲ ಅಪ್ಪನ ಸಮಾಧಿ ಮೇಲೆ ಬೆಳೆದ ಹುಲ್ಲು ಕಿತ್ತು, ಅಲ್ಲೇ ವಸಿ ಹೊತ್ತು ಕೂತು, ಪಂಪ್‌ಸೆಟ್ಟಿಗೆ ಕರೆಂಟ್ ಬಾರದ್ದನ್ನೋ ಕಾರ್ಖಾನೆಯವರು ಕಟಾವಿಗೆ ತಡ ಮಾಡಿದ್ದನ್ನೋ ಹೇಳಿ ಬರುತ್ತಾಳೆ. ಅಂಥವಳ ಮುಂದೆ ಇಬ್ಬರು ಹುಡುಗರು ಗೊತ್ತಿಲ್ಲದವರ ಗೋರಿ ಅಗೆದು, ಪೆಟ್ಟಿಗೆ ಒಡೆದು, ಉಪ್ಪು ಸುರಿದು ಕಡ್ಡಿ ಗೀರಿ, ಅದರ ಮೇಲೆ ಜೋಕು ಬೇರೆ ಹೊಡೆದರೆ? "ಅವ್ರ ಮನೆಯವ್ರನ್ನ ಒಂದ್ ಮಾತು ಕೇಳ್ಬ್ಯಾಡ್ವಾ?" ಅಂದಳು. ಉಪ್ಪು ಅಂದರೆ ಕಾಯುವುದಕ್ಕೆ, ಸುಡುವುದಕ್ಕೆ ಯಾಕೆ ಬಳಸಬೇಕು ಅನ್ನುವುದು ಅವಳ ವಾದ. ಒಲೆಗೆ ಹಾಕುತ್ತೀಯಲ್ಲ ಅಂದೆ. ಅದು ಕಣ್ಣು, ಇದು ಮನುಷ್ಯ ಅಂದಳು.

ಹಾಗಾಗಿ ನನ್ನ ತೀರ್ಮಾನ ಆಗಲೇ ಆಗಿಹೋಗಿತ್ತು. ಇಲ್ಲಿನವರಿಗೆ ಸತ್ತವರು ತೊಂದರೆ, ನಮ್ಮವರಿಗೆ ಸತ್ತವರು ನೆಂಟರು. ಇಲ್ಲಿ ಎಲ್ಲದಕ್ಕೂ ಹೀಗೇ. ಅಪ್ಪ ಅಮ್ಮನಿಗೆ ವಯಸ್ಸಾದರೆ ಒಂದು ಜಾಗ ಇದೆ, ಸತ್ತರೆ ಒಂದು ಜಾಗ ಇದೆ, ಎದ್ದು ಬಂದರೆ ಕಲ್ಲುಪ್ಪಿನ ತೋಟೆ ಇದೆ. ಇದನ್ನು ರಜೆಯಲ್ಲಿ ಊರ ಜಗುಲಿ ಮೇಲೆ ಕೂತು ಯೋಚಿಸಿದ್ದು ಅನ್ನುವುದನ್ನೂ ಹೇಳಿಬಿಡುತ್ತೇನೆ. ಒಂಬತ್ತು ವರ್ಷದಿಂದ ಎರಡು ವರ್ಷಕ್ಕೊಮ್ಮೆ ಬರುವವನಿಗೆ ಜಗುಲಿ ಮೇಲೆ ಕೂತಾಗ ಏನೇನೋ ಅನಿಸುತ್ತದೆ.

ಆ ಮೊದಲ ಕಂತಿನ ಕೊನೆ ಹೇಳಿಲ್ಲ. ಆ ಬಿಳಿ ಬಟ್ಟೆಯವಳು ಕಾರು ಹತ್ತಿ ಮನೆಗೆ ಬಿಡಿ ಅನ್ನುತ್ತಾಳೆ, ಮನೆ ಮುಂದೆ ಬಂದ ಮೇಲೆ ನಾನು ಮನೆಗೆ ಹೋಗೋಕೇ ಆಗಲ್ಲ ಅನ್ನುತ್ತಾಳೆ. ಒಳಗೆ ಮಕ್ಕಳು ಕಾಯುತ್ತಿವೆ ಅಂತ ಭಯ. ನಾನು ಇದನ್ನು ಕನ್ನಡ ಮಾಡಿ ಹೇಳಿದೆ. ಅವ್ವ ಅವರೆಕಾಯಿಯಿಂದ ತಲೆ ಎತ್ತದೆ "ನಿನ್ ಥರಾನೇ" ಅಂದಳು. ಎದುರು ಮನೆ ಅಕ್ಕ ಕಿಸಕ್ಕನೆ ನಕ್ಕಳು. ನಾನೂ ನಕ್ಕೆ. ಅವತ್ತು ರಾತ್ರಿ ಅವರೆಕಾಳು ಸಾರು ಚೆನ್ನಾಗಿತ್ತು, ಸೇರಲಿಲ್ಲ.

ಪಾತ್ರಗಳ ಬಗ್ಗೆ ನಮ್ಮ ಮನೆಯ ಅಭಿಪ್ರಾಯಗಳನ್ನು ಆಫೀಸಿನಲ್ಲಿ ಹೇಳಿದರೆ ಅಲ್ಲಿ ದೊಂಬಿಯಾಗುತ್ತದೆ, ಇಲ್ಲೇ ಹೇಳುತ್ತೇನೆ. ಡೀನು ಎದುರು ಮನೆ ಅಕ್ಕನಿಗೆ ಹಿಡಿಸಿದ, ತಿನ್ನುತ್ತಾನೆ ಅಂತ. ಸ್ಯಾಮು ಅವ್ವನಿಗೆ ಪಾಪ. "ಲಾ ಓದೋ ಹುಡುಗುನ್ನ ಎಳ್ಕಂಡೋದ್ನಲ್ಲ, ಆಳಾದೋನು" ಅಂತ ಡೀನಿಗೆ ಬೈಗುಳ. ಎರಡನೇ ಸೀಸನ್ನಿನ ಕೊನೆಗೆ ಸತ್ತ ತಮ್ಮನನ್ನು ಬದುಕಿಸಲು ಡೀನು ನಡುರಾತ್ರಿ ನಾಲ್ಕು ದಾರಿ ಕೂಡುವಲ್ಲಿ ಹೋಗಿ, ಭೂತಕ್ಕೆ ತನ್ನ ಆತ್ಮ ಬರೆದುಕೊಟ್ಟು, ಒಂದು ವರ್ಷ ವಾಯಿದೆ ಪಡೆಯುತ್ತಾನೆ. ದಾರಿ ಕೂಡುವಲ್ಲಿ ನಿಂಬೆಹಣ್ಣು ದಾಟಬೇಡ ಅಂತ ನನ್ನನ್ನು ಬೆಳೆಸಿದವರು ಇವರು, ಅಲ್ಲಿ ಅಂಥದ್ದೇ ನಡೆಯುವುದು ಅಂತ ತಲೆಯಾಡಿಸಿದರು. ಆದರೆ ತಮ್ಮನಿಗಾಗಿ ಅಷ್ಟು ಮಾಡಿದ ಅನ್ನುವುದು ಮಾತ್ರ ನಂಬಲಿಲ್ಲ. ನಮ್ಮೂರಿನಲ್ಲಿ ಎರಡು ಗುಂಟೆ ಬದುವಿಗೆ ಅಣ್ಣತಮ್ಮಂದಿರು ಶ್ರೀರಂಗಪಟ್ಟಣದ ಕೋರ್ಟಿಗೆ ಇಪ್ಪತ್ತು ವರ್ಷದಿಂದ ಒಂದೇ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಾರೆ. ದೆವ್ವ ಇದೆ, ಅದು ಸರಿ. ಇಂಥ ಅಣ್ಣ ಎಲ್ಲವ್ನೆ?

ಕಾರಿನ ವಿಷಯಕ್ಕೆ ಅವ್ವನದು ಒಂದೇ ತಕರಾರು. ಇಲ್ಲಿನವರಿಗೆ ಆ ಇಂಪಾಲಾ ಮೂರನೇ ನಾಯಕ, ಡೀನು ಅದನ್ನು ಮಗು ಅಂತ ಕರೆಯುತ್ತಾನೆ. ಮೊದಲ ಸೀಸನ್ನಿನ ಕೊನೆಗೆ ಲಾರಿ ಬಂದು ಗುದ್ದಿ ಅದು ನುಜ್ಜುಗುಜ್ಜಾಗುತ್ತದೆ. "ಆಯುಧ ಪೂಜೆ ಮಾಡೋರಲ್ಲ, ಚಕ್ರುಕ್ಕೊಂದು ನಿಂಬೆಹಣ್ಣು ಇಡೋರಲ್ಲ, ಇನ್ನೇನಾದದು?" ಡಿಕ್ಕಿ ತುಂಬ ಆಯುಧ ಇಟ್ಟುಕೊಂಡವರು ಆಯುಧ ಪೂಜೆ ಮಾಡದಿರುವುದು ನನಗೂ ಆಗಲೇ ಹೊಳೆದದ್ದು. ಬಾಬಿ ಅಂತ ಒಬ್ಬ ಟೋಪಿ ಮುದುಕ ಬರುತ್ತಾನೆ, ರಕ್ತಸಂಬಂಧಿಯಲ್ಲ, ಆದರೂ ಬೈಯ್ದು ಬೈಯ್ದು ಇವರನ್ನು ಸಾಕುತ್ತಾನೆ. ಅವನು ಎಲ್ಲರಿಗೂ ಹಿಡಿಸಿದ. ಸೋದರಮಾವ ಅಂತಲೇ ಹೆಸರಾಯಿತು. ಏಳನೇ ಸೀಸನ್ನಿನಲ್ಲಿ ಅವನು ಸಾಯುವುದನ್ನು ನಾನು ಹೇಳಲಿಲ್ಲ. ಐದನೆಯದರಲ್ಲಿ ನಮ್ಮ ಕಾಳಿ, ಗಣೇಶ ಇಬ್ಬರೂ ಒಂದು ಹೋಟೆಲಿಗೆ ಬರುವ ಕಂತಿದೆ, ಸೈತಾನ ಗಣೇಶನನ್ನು ಕೊಲ್ಲುತ್ತಾನೆ. ಅದನ್ನು ಮೆಲ್ಲಗೆ ದಾಟಿಸಿದೆ. ಗಣಪತಿಯನ್ನು ವರ್ಷ ವರ್ಷ ನಾಲೆಗೆ ಬಿಡುವವರು ನಾವೇ ಆದರೂ ಬೇರೆಯವರು ಕೈ ಹಾಕಿದರೆ ಆಗುವುದಿಲ್ಲ. ಕಾಸ್ಟಿಯೆಲ್ ಬಗ್ಗೆ ಯಾರಿಗೂ ಏನೂ ಅನಿಸಲಿಲ್ಲ, ಕೋಟು ಒಗೆಯುವುದೇ ಇಲ್ಲವಾ ಅಂತ ಕೇಳಿದರು ಅಷ್ಟೇ.

ಒಂದು ವಿಷಯದಲ್ಲಿ ಮಾತ್ರ ಆಫೀಸು ಮಂಡ್ಯ ಎರಡೂ ಒಂದಾದವು. ಒಂಬತ್ತನೇ ಸೀಸನ್ನಿನ ಶುರುವಿನಲ್ಲಿ ಸಾಯುತ್ತಿರುವ ಸ್ಯಾಮ್ ಉಳಿಯಲಿ ಅಂತ ಡೀನು ಒಬ್ಬ ದೇವದೂತನನ್ನು ಅವನ ಮೈಯೊಳಗೆ ಸೇರಿಸುತ್ತಾನೆ. ದೇವದೂತ ಒಳಗೆ ಬರಬೇಕಾದರೆ ಆ ಮನುಷ್ಯ ಹೂಂ ಅನ್ನಬೇಕು, ಇವರು ಮೋಸದಿಂದ ಅನ್ನಿಸುತ್ತಾರೆ. ಇಲ್ಲಿನ ಅಭಿಮಾನಿಗಳು ಇದರ ಮೇಲೆ ಎಷ್ಟು ಜಗಳ ಆಡಿದ್ದಾರೋ. ಅಣ್ಣನ ಪ್ರೀತಿ ಅಂತ ಅರ್ಧ ಜನ, ಅದು ಪ್ರೀತಿಯೇ ಅಲ್ಲ, ಕಾಯಿಲೆ ಅಂತ ಇನ್ನರ್ಧ. ಅವ್ವ ಅರ್ಧ ನಿಮಿಷದಲ್ಲಿ ಮುಗಿಸಿದಳು: "ದ್ಯಾವ್ರಾದ್ರೂ ಹೂವ ಕೇಳ್ಬೇಕು, ಮನ್ಸುನ್ನ ಕೇಳ್ಬ್ಯಾಡ್ವಾ?" ಇದನ್ನು ಇಂಗ್ಲಿಷಿಗೆ ಹೇಗೆ ಹೇಳುವುದು ಅಂತ ಇವತ್ತಿಗೂ ಗೊತ್ತಾಗಿಲ್ಲ. ಹೂವಿನ ಪ್ರಸಾದದ ಕತೆಯಿಂದ ಶುರುಮಾಡಿದರೆ ಅಷ್ಟರಲ್ಲಿ ಊಟದ ಹೊತ್ತು ಮುಗಿದಿರುತ್ತದೆ.

ತಾಯತದ ವಿಷಯ ಇನ್ನೊಂದು. ಚಿಕ್ಕಂದಿನಲ್ಲಿ ಒಂದು ಕ್ರಿಸ್‌ಮಸ್ ರಾತ್ರಿ, ಅಪ್ಪ ಬರುತ್ತೇನೆಂದು ಬರದೆ ಹೋದಾಗ, ಅಪ್ಪನಿಗೆಂದು ಇಟ್ಟಿದ್ದ ತಾಯತವನ್ನು ಸ್ಯಾಮ್ ಅಣ್ಣನಿಗೆ ಕೊಡುತ್ತಾನೆ. ಅಣ್ಣ ಅದನ್ನು ವರ್ಷಗಟ್ಟಲೆ ಕೊರಳಲ್ಲೇ ಹಾಕಿಕೊಂಡಿರುತ್ತಾನೆ. ಐದನೇ ಸೀಸನ್ನಿನಲ್ಲಿ ತಮ್ಮನ ಮೇಲೆ ಮನಸ್ಸು ಮುರಿದು ಅವನೆದುರೇ ಕಸದ ಬುಟ್ಟಿಗೆ ಹಾಕುತ್ತಾನೆ. "ತಾಯ್ತ ಯಾರಾರ ಕಸುಕ್ಕಾಕ್ತರಾ? ಹರಿಯೋ ನೀರಿಗೆ ಬುಡಬೇಕು" ಅಂದ ಅವ್ವ ಮಾರನೇ ದಿನ ದೋಸೆ ಹುಯ್ಯುತ್ತಾ ಮತ್ತೆ ಕೇಳಿದಳು, ಅದು ಸಿಕ್ಕಿತಾ ಅಂತ. ನಾನು ಅಷ್ಟು ಮುಂದಕ್ಕೆ ನೋಡಿರಲಿಲ್ಲ.

ಈಗ ಹೇಳಲು ಮನಸ್ಸಿಲ್ಲದ ಭಾಗ.

ರಜೆ ಮುಗಿಯಲು ಎರಡು ದಿನ ಇತ್ತು. ಪಟ್ಟಿಯಲ್ಲಿ ನಾನು ಬಿಟ್ಟಿದ್ದ ಕಂತೊಂದಿತ್ತು, ಎರಡನೇ ಸೀಸನ್ನಿನ ಹದಿನಾರನೆಯದು. ಹೈವೇಯಲ್ಲಿ ಅಪಘಾತವಾದ ಮಾಲಿ ಅನ್ನುವ ಹೆಂಗಸು ಕಾಣೆಯಾದ ಗಂಡನನ್ನು ಹುಡುಕುತ್ತಾ ಅಣ್ಣತಮ್ಮಂದಿರ ಕಾರಿಗೆ ಅಡ್ಡ ಬರುತ್ತಾಳೆ. ರಾತ್ರಿಯೆಲ್ಲ ಒಂದು ದೆವ್ವ ಅವಳನ್ನು ಅಟ್ಟಿಸಿಕೊಂಡು ಬರುತ್ತದೆ. ಕೊನೆಗೆ ಗೊತ್ತಾಗುವುದೇನೆಂದರೆ ಮಾಲಿಯೇ ಸತ್ತು ಹದಿನೈದು ವರ್ಷವಾಗಿದೆ, ತಾನು ಸತ್ತದ್ದು ಅವಳಿಗೇ ಗೊತ್ತಿಲ್ಲ. ಇವರು ಅವಳನ್ನು ಸುಡುವುದಿಲ್ಲ. ಮೊದಲೇ ಗೊತ್ತಿದ್ದರೂ ಗದರಿಸದೆ ರಾತ್ರಿಯೆಲ್ಲ ಜೊತೆಗಿದ್ದು, ಗಂಡ ಬದುಕಿದ್ದಾನೆ, ಬೇರೆ ಮದುವೆಯಾಗಿ ಚೆನ್ನಾಗಿದ್ದಾನೆ ಅಂತ ತೋರಿಸಿ, ನಿಜ ಹೇಳಿ ಕಳಿಸಿಕೊಡುತ್ತಾರೆ. ಬೆಳಗಾಗುವ ಹೊತ್ತಿಗೆ ಅವಳು ತಾನಾಗಿ ಹೋಗುತ್ತಾಳೆ. ಅಂದರೆ ಮೂರು ವಾರದಿಂದ ಜಗುಲಿ ಮೇಲೆ ಕೂತು ನಾನು ಕಟ್ಟಿದ್ದ ವಾದಕ್ಕೆ ಉತ್ತರ ಪಟ್ಟಿಯಲ್ಲೇ ಇತ್ತು. ಒಪ್ಪಿಕೊಳ್ಳಲು ಕಷ್ಟವೇ ಆಯಿತು.

ಅವ್ವ ಕಣ್ಣೊರೆಸಿಕೊಂಡಳು. ಎದುರು ಮನೆ ಅಕ್ಕ ಮೂಗು ಸೀಟಿದಳು. ಅಷ್ಟು ದಿನ ಗೋಡೆಗೆ ಒರಗಿ ಒಂದು ಮಾತೂ ಆಡದೆ ನೋಡುತ್ತಿದ್ದ ಚಿಕ್ಕವ್ವ ಆಗ ಬಾಯಿ ಬಿಟ್ಟಳು.

"ನನ್ನೂ ಕೇಳುದ್ರು ಅವತ್ತು, ಯಾರು ನೀನು ಅಂತ. ನಾನು ನಾನೇ ಕಣ್ರಪ್ಪ ಅಂದೆ. ಒಪ್ಲಿಲ್ಲ. ಬೇವಿನ ಬರ್ಲಲ್ಲಿ ಒಡುದ್ರು."

ಯಾರೂ ಮಾತಾಡಲಿಲ್ಲ. ನನಗೆ ಅದು ಮಸುಕು ಮಸುಕಾಗಿ ನೆನಪಿದೆ. ಎರಡನೇ ಹೆರಿಗೆಯಾದ ಮೇಲೆ ಚಿಕ್ಕವ್ವ ಮಾತು ಬಿಟ್ಟಿದ್ದಳು, ಮಗುವನ್ನು ಎತ್ತಿಕೊಳ್ಳುತ್ತಿರಲಿಲ್ಲ. ಗಾಳಿ ಸೋಕಿದೆ ಅಂತ ಒಂದು ವರ್ಷ ಅಮಾವಾಸ್ಯೆ ಅಮಾವಾಸ್ಯೆಗೂ ಎಲ್ಲೆಲ್ಲಿಗೋ ಕರೆದುಕೊಂಡು ಹೋದರು. ನಾವು ಮಕ್ಕಳು ಹಿಂದೆ ಕೂತು ನೋಡಿದ್ದೇವೆ, ಅವಳ ಕೂದಲು ಹಿಡಿದು ಏನು ಬೇಕು ನಿಂಗೆ, ಏನು ಬೇಕು ಅಂತ ಕೇಳುವುದನ್ನು. ನಾನು ಮೇಲೆ ಅಷ್ಟು ಹೆಮ್ಮೆಯಿಂದ ಬರೆದೆನಲ್ಲ, ಅದೇ ಪ್ರಶ್ನೆ. ಕೊನೆಗೆ ಯಾರೋ ಪುಣ್ಯಾತ್ಮರು ಹೇಳಿ ಮೈಸೂರಿನಲ್ಲಿ ಡಾಕ್ಟರಿಗೆ ತೋರಿಸಿ, ಆರು ತಿಂಗಳು ಮಾತ್ರೆ ನುಂಗಿ, ಸರಿಹೋದಳು. ಆ ಮಗು ಈಗ ಎಂಜಿನಿಯರಿಂಗ್ ಮುಗಿಸಿದ್ದಾನೆ. ಆ ವರ್ಷದ ಬಗ್ಗೆ ನಮ್ಮನೆಯಲ್ಲಿ ಯಾರೂ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

ನನ್ನ ಸಹೋದ್ಯೋಗಿ ಶುಕ್ರವಾರ ಹಾಕಿಕೊಂಡು ಬರುವ ಒಂದು ಹಳೇ ಟೀಶರ್ಟ್ ಇದೆ, ಆಲ್ವೇಸ್ ಕೀಪ್ ಫೈಟಿಂಗ್ ಅಂತ ಬರೆದಿದೆ. ಸ್ಯಾಮ್ ಪಾತ್ರದ ಜೇರೆಡ್ ಪಡಲೆಕಿ 2015ರಲ್ಲಿ ತನಗೂ ಖಿನ್ನತೆ ಇತ್ತು ಅಂತ ಬಾಯಿಬಿಟ್ಟು ಹೇಳಿ, ಮನಸ್ಸಿನ ಕಾಯಿಲೆಗೆ ನೆರವಾಗುವವರಿಗೆ ಹಣ ಕೂಡಿಸಲು ಮಾರಿದ್ದು. ಅವಳು ಕೊಂಡದ್ದು ತನ್ನ ಜೀವನದ ಕೆಟ್ಟ ವರ್ಷದಲ್ಲಂತೆ. ಅದನ್ನು ಅವಳು ಮೈಕ್ರೋವೇವ್ ಮುಂದೆ ನಿಂತು, ಸಾರು ಬಿಸಿಯಾಗುವಷ್ಟರಲ್ಲಿ, ಹಲ್ಲುನೋವಿನ ವಿಷಯ ಹೇಳಿದ ಹಾಗೆ ಹೇಳಿದ್ದಳು. ಆಗ ನನಗೆ ಕಸಿವಿಸಿಯಾಗಿತ್ತು, ಇಂಥದ್ದನ್ನೆಲ್ಲ ಇವರು ಹೀಗೆ ಆಫೀಸಿನಲ್ಲಿ ಹೇಳಿಕೊಳ್ಳುತ್ತಾರಲ್ಲ ಅಂತ. ಕಸಿವಿಸಿ ಈಗಲೂ ಇದೆ, ಆದರೆ ಅವಳ ಬಗ್ಗೆ ಅಲ್ಲ. ಅವರು ಮೊದಲ ವಾರದ ದೆವ್ವವನ್ನು ಮರೆಯುತ್ತಾರೆ, ಸರಿ. ಪಕ್ಕದಲ್ಲಿ ಕೂತವರನ್ನು ಹೇಗಿದ್ದೀಯ ಅಂತ ಕೇಳಿ, ಉತ್ತರ ಬರುವ ತನಕ ನಿಲ್ಲುತ್ತಾರೆ. ಇಷ್ಟು ಬರೆದ ಮೇಲೆ ಮೇಲಿನ ನೆಂಟರ ಮಾತನ್ನು ಅಳಿಸಬೇಕಾ ಅಂತ ಎರಡು ದಿನ ಯೋಚಿಸಿದೆ. ಅಳಿಸಿಲ್ಲ. ಅವ್ವ ಸಮಾಧಿ ಮೇಲಿನ ಹುಲ್ಲು ಕೀಳುವುದೂ ಸುಳ್ಳಲ್ಲವಲ್ಲ.

ವಾಪಸ್ ಬಂದ ಮೇಲೆ ರಾತ್ರಿ ಒಬ್ಬನೇ ಕೂತು ಉಳಿದ ಸೀಸನ್ನುಗಳನ್ನು ಎಳೆದಾಡಿ ನೋಡಿದೆ. ಹೋದ ವಾರ ಹನ್ನೊಂದನೆಯದರ ಕೊನೆಗೆ ಬಂದೆ. ತಕ್ಷಣ ಫೋನ್ ಮಾಡಿದೆ. ಮಂಡ್ಯದಲ್ಲಿ ಬೆಳಗಿನ ಹೊತ್ತು, ಅವ್ವ ಬಾಗಿಲಿಗೆ ನೀರು ಹಾಕುತ್ತಿದ್ದಳು.

"ಅವ್ವ, ಆ ತಾಯ್ತ ಸಿಕ್ತು."

"ಎಲ್ಲಿತ್ತಂತ್ಲಾ?"

"ತಮ್ಮನ ಹತ್ರಾನೇ ಇತ್ತು. ಅಷ್ಟು ವರ್ಷ ಜೋಪಾನ ಮಾಡಿ ಇಟ್ಕೊಂಡಿದ್ದ, ಅಣ್ಣಂಗೆ ಹೇಳಿರ್ಲಿಲ್ಲ."

ಅವ್ವ ಬಿಂದಿಗೆ ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಫೋನು ಕೈಯಲ್ಲಿರುವುದೂ ಮರೆತು ಚಿಕ್ಕವ್ವನ ಮನೆ ಕಡೆಗೆ ಕೂಗಿದಳು. "ಏಯ್, ಸಿಕ್ತಂತೆ ಕಣೇ!"